ಇಳಕಲ್ಲಿನ ಕುಣಿಕೆ

ಹೊಸಪೇಟೆಯಿಂದ ಉತ್ತರಾಭಿಮುಖವಾಗಿ ಹೊರಟ ಬಸ್ಸು ತುಂಗಭದ್ರೆಯ ತೀರದ ಹಸುರನ್ನು ಹಿಂದಿಕ್ಕಿ ಕುಷ್ಟಗಿಯನ್ನು ದಾಟಿತೆಂದರೆ, ಬಯಲುಸೀಮೆಯ ನಿಜಸ್ವರೂಪ ಪ್ರಯಾಣಿಕನ ಕಣ್ಣಿಗೆ ಗೋಚರವಾಗತೊಡಗುತ್ತದೆ. ಎತ್ತ ನೋಡಿದರೂ ಬಯಲು. ಬಯಲಿನ ಮೇಲೆ ಜೋಳದ ಹೊಲ, ಸಜ್ಜೆಯ ಹೊಲ. ನಡುನಡುವೆ ನೆಲವನ್ನು ಸೀಳಿಕೊಂಡು ಮೇಲೆದ್ದ ಕೆಂಬಂಡೆಗಳು. ರಸ್ತೆಯ ಬದಿಯಲ್ಲಿ ಪೇರಿಸಿಟ್ಟ ಚೌಕನೆಯ ಕಲ್ಲಿನ ದಿಮ್ಮಿಗಳು ಕಾಣಿಸಿಕೊಂಡರೆ ಇಳಕಲ್ ಹತ್ತಿರವಾಯಿತೆಂದೇ ಅರ್ಥ. ಈ ಕೆಂಪು ಗ್ರಾನೈಟಿಗೆ ದೇಶವಿದೇಶಗಳಲ್ಲಿ ಹೆಸರಿದೆ. ಆದರೂ ನಮ್ಮ ಹೆಣ್ಣುಮಕ್ಕಳ ಮುಂದೆ ಇಳಕಲ್ ಎಂದು ಹೇಳಿ ನೋಡಿ: ಕಲ್ಲನ್ನು ನೆನೆಯುವವರು ಒಬ್ಬರೂ ಸಿಗಲಾರರು.

ಊರು ಹಿಂದೆ ವಿಜಾಪುರ ಜಿಲ್ಲೆಯಲ್ಲಿತ್ತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಂದಿನಿಂದ ಅದಕ್ಕೆ ಸೇರಿದೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಾಗಲಿ, ಚಾಲುಕ್ಯರ ಶಿಲ್ಪಿಗಳು ಕೈ ಪಳಗಿಸಿಕೊಂಡ ಐಹೊಳೆಯಾಗಲಿ ಇಲ್ಲಿಂದ ಬಹಳ ದೂರವಿಲ್ಲ. ಆ ಕ್ಷೇತ್ರಗಳನ್ನು ನೋಡಲು ಬರುವ ಯಾತ್ರಿಕರು ಇಳಕಲ್ಲಿನಲ್ಲಿ ಒಂದು ತಾಸು ಇಳಿದು, ಅಂಗಡಿಯಲ್ಲಿ ಸೀರೆ ಕೊಂಡು, ಚಹಾ ಕುಡಿದು ಮುಂದಕ್ಕೆ ಹೊರಟುಬಿಡುವುದೇ ರೂಢಿ. ನಾನು ಮಾತ್ರ ನಾಲ್ಕು ದಿನ ಉಳಿಯಬೇಕೆಂದೇ ಬಂದಿದ್ದೆ. ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ಮನೆಯಲ್ಲಿ ಒಂದು ಹೆಣಿಗೆಯ ಯಂತ್ರವಿದೆ. ಮೇಜಿನ ಅಂಚಿಗೆ ಬಿಗಿದು, ಕೈಯಿಂದಲೇ ಓಡಿಸುವ ಮನೆಬಳಕೆಯ ಯಂತ್ರ. ಉದ್ದಕ್ಕೂ ಸಾಲಾಗಿ ಇನ್ನೂರು ಸೂಜಿಗಳು; ಪ್ರತಿ ಸೂಜಿಯ ತುದಿಗೆ ಒಂದು ಕೊಕ್ಕೆ, ಕೊಕ್ಕೆಯನ್ನು ಮುಚ್ಚಿ ತೆರೆಯುವ ಒಂದು ಪುಟ್ಟ ನಾಲಿಗೆ. ಹೆಣೆಯುವ ಯಂತ್ರವನ್ನು ೧೫೮೯ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ನಿರ್ಮಿಸಿದ್ದನಾದರೂ, ಈ ನಾಲಿಗೆಯ ಸೂಜಿ ಬಂದುದು ೧೮೪೭ರಲ್ಲಿ, ಲೆಸ್ಟರ್ ನಗರದ ಮ್ಯಾಥ್ಯೂ ಟೌನ್‌ಸೆಂಡನಿಂದ. ಸೂಜಿಗಳ ಮೇಲೆ ಗಾಡಿಯನ್ನು ಒಮ್ಮೆ ಎಳೆದರೆ ಇನ್ನೂರು ಕುಣಿಕೆಗಳು ಏಕಕಾಲಕ್ಕೆ ಹೊಸ ಕುಣಿಕೆಗಳನ್ನು ಹೆರುತ್ತವೆ. ಸ್ವೆಟರು, ಕುಲಾವಿ, ಶಾಲುಗಳನ್ನು ಹೆಣೆದು ಬೇಸರವಾದ ಮೇಲೆ ನಾನು ಇದರಲ್ಲಿ ಕಲಿತ ಕಠಿಣ ವಿದ್ಯೆ ಒಂದುಂಟು: ಹೆಣಿಗೆಯೊಳಗೆ ನೇಯ್ಗೆ. ದಪ್ಪನೆಯ ಬೇರೊಂದು ನೂಲನ್ನು ಒಂದು ಸೂಜಿಯ ಮೇಲೆ, ಮುಂದಿನದರ ಕೆಳಗೆ ಎಂಬಂತೆ ಹಾಸಬೇಕು. ಗಾಡಿಗೆ ಅಳವಡಿಸಿದ ಪುಟ್ಟ ಕುಂಚಗಳು ಅದನ್ನು ಒತ್ತಿ ಹಿಡಿಯುತ್ತಿರುವಾಗ ಸಣ್ಣ ನೂಲಿನ ಕುಣಿಕೆಗಳು ಬಂದು ಅದನ್ನು ಸೆರೆಹಿಡಿಯುತ್ತವೆ. ದಪ್ಪ ನೂಲು ತಾನು ಕುಣಿಕೆಯಾಗುವುದೇ ಇಲ್ಲ. ಅಡ್ಡಲಾಗಿ ಮಲಗಿಯೇ ಇರುತ್ತದೆ. ಎಳೆದಂತೆ ಹಿಗ್ಗುವ ಹೆಣಿಗೆ ಆಗ ತನ್ನ ಹಿಗ್ಗನ್ನು ಬಿಟ್ಟು, ಕೋಟು ಹೊಲಿಯಬಹುದಾದಂಥ ಗಟ್ಟಿ ಬಟ್ಟೆಯಾಗುತ್ತದೆ. ಚಂದ ಕಾಣುವುದು ಅದರ ಹಿಂಬದಿ. ಅದೇ ಮುಂಬದಿಯೆಂದು ತೊಡಬೇಕು.

ಕುಣಿಕೆಗಳ ನಡುವೆ ನೇಯ್ಗೆಯನ್ನು ತೂರಿಸುವ ಈ ಕೌಶಲ ಕೈಗೆ ಹತ್ತಿದ ಕಾಲದಲ್ಲಿ ಗೆಳತಿಯೊಬ್ಬಳು ತನ್ನ ಇಳಕಲ್ ಸೀರೆಯ ಸೆರಗನ್ನು ಹಿಡಿದು ತೋರಿಸಿ, “ಇವರು ನೇಯ್ಗೆಯ ನಡುವೆ ಕುಣಿಕೆ ತೂರಿಸುತ್ತಾರೆ, ನೋಡಿದ್ದೀಯಾ?” ಎಂದಳು. ನೋಡಿದೆ. ಒಡಲು ಮುಗಿದು ಸೆರಗು ತೊಡಗುವಲ್ಲಿ, ಇರುವೆಸಾಲಿಗಿಂತ ಸಣ್ಣದಾಗಿ, ಕುಣಿಕೆಯೊಳಗೆ ಕುಣಿಕೆ. ಅದನ್ನು ಮಾಡುವ ಕೈಗಳನ್ನು ಕಾಣಬೇಕೆಂಬ ಹಂಬಲ ಅಂದು ಹುಟ್ಟಿತು.

ಇಳಕಲ್ಲಿನ ನೇಕಾರರ ಓಣಿಗಳನ್ನು ಹುಡುಕಲು ಯಾರನ್ನೂ ಕೇಳಬೇಕಿಲ್ಲ, ಕಿವಿಯೊಂದಿದ್ದರೆ ಸಾಕು. ಒಂದು ಮನೆಯಿಂದ ವಿದ್ಯುತ್ ಮಗ್ಗದ ಬಿಡುವಿಲ್ಲದ ಗದ್ದಲ ಬರುತ್ತಿದ್ದರೆ, ಅದರಾಚೆಯ ಮನೆಯಿಂದ ಕೈಮಗ್ಗದ ಸದ್ದು: ತುಸು ನಿಂತು, ತುಸು ಯೋಚಿಸಿ, ಮತ್ತೆ ಹೊರಡುವ ಸದ್ದು. ಎರಡನ್ನೂ ಒಂದು ಗಳಿಗೆ ಕೇಳಿದವರಿಗೆ ಒಂದರಲ್ಲಿ ಮನುಷ್ಯನ ಉಸಿರಾಟದ ಲಯ ಉಂಟೆಂಬುದು ಹೊಳೆಯದೆ ಇರದು. ಪರಿಚಿತರೊಬ್ಬರ ಮೂಲಕ ನನಗೆ ಒಂದು ಮನೆಯ ಆಶ್ರಯ ದೊರೆಯಿತು. ಮನೆಯೊಡತಿ ಎಪ್ಪತ್ತನ್ನು ದಾಟಿದ ವೃದ್ಧೆ. ಮಗ ಮಗ್ಗದ ಮೇಲೆ, ಸೊಸೆ ಹಾಸಿನ ಕೆಲಸದಲ್ಲಿ, ಮೊಮ್ಮಗಳು ಕಾಲೇಜಿನಲ್ಲಿ.

“ಬರ್ರಿ ಅಕ್ಕಾರ, ಒಳಗ ಬರ್ರಿ. ಮಗ್ಗದ ಕುಣಿ ಐತಿ, ನೋಡಿ ಕಾಲಿಡ್ರಿ” ಎಂದು ವೃದ್ಧೆ ಬರಮಾಡಿಕೊಂಡರು.

ಹೊರಬೆಳಕಿನಿಂದ ಒಳಹೊಕ್ಕವರಿಗೆ ಎಚ್ಚರಿಕೆ ಬೇಕಾದದ್ದೇ. ಪಡಸಾಲೆಯ ನೆಲದಲ್ಲಿ ಮೊಳಕಾಲುದ್ದಕ್ಕೂ ಮಿಗಿಲಾದ ಕುಣಿ. ನೇಕಾರನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಇಳಿಬಿಟ್ಟು ತುಳಿಯುತ್ತಾನೆ. ಹಾಸು ನೆಲಕ್ಕೆ ಸಮೀಪವಾಗಿ ಹರಡಿರುತ್ತದೆ. ನೆಲದ ತಂಪಿಗೆ ಹತ್ತಿಯ ನೂಲು ಬೇಗ ತುಂಡಾಗುವುದಿಲ್ಲವೆಂದು ಈ ಜನ ಹೇಳುತ್ತಾರೆ. ಬೇಸಗೆಯಲ್ಲಿ ಕಾದ ಕಾವಲಿಯಂತಾಗುವ ಈ ಸೀಮೆಯಲ್ಲಿ ನೂಲಿಗೆ ಮಾತ್ರವಲ್ಲ, ನೇಕಾರನಿಗೂ ಆ ಕುಣಿಯೇ ಮನೆಯ ತಂಪಾದ ಜಾಗ!

ಇಳಕಲ್ ಸೀರೆಯ ಮರ್ಮವನ್ನು ಅರಿಯಬೇಕಾದರೆ ಹಾಸುಹೊಕ್ಕುಗಳ ವಿಚಾರವನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿಯೊಡನೆ ಅಡ್ಡಡ್ಡ ಓಡಾಡುವ ಎಳೆ ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಹಾಸು ಈ ತುದಿಯಿಂದ ಆ ತುದಿಯವರೆಗೆ ಒಂದೇ. ಹಸುರು ಒಡಲಿನ ಸೀರೆಗೆ ಕೆಂಪು ಸೆರಗು ಬೇಕೆಂದರೆ ನೇಕಾರನು ಹೊಕ್ಕನ್ನು ಕೆಂಪಾಗಿಸುತ್ತಾನೆ, ಅಷ್ಟೆ. ಕೆಳಗೆ ಹಸುರು ಹಾಸು ಉಳಿದೇ ಇರುವುದರಿಂದ ಸೆರಗು ಅಪ್ಪಟ ಕೆಂಪಾಗದೆ ಎರಡೂ ಬಣ್ಣಗಳ ಬೆರಕೆಯಾಗುತ್ತದೆ. ಅದಕ್ಕೂ ಒಂದು ಸೊಗಸಿದೆಯೆನ್ನಿ. ಇಳಕಲ್ಲಿನವರು ಆ ಬೆರಕೆಯನ್ನು ಒಪ್ಪಲಿಲ್ಲ. ಒಡಲಿಗೆ ಹತ್ತಿಯ ಹಾಸನ್ನೇ ಬೇರೆ ಮಾಡಿದರು, ಸೆರಗಿಗೆ ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಹಾಸನ್ನೇ ಬೇರೆ ಮಾಡಿದರು, ಅಂಚಿಗೆ ಸೆರಗಿನ ಬಣ್ಣದ್ದೇ ಮೂರನೆಯ ಹಾಸು ಮಾಡಿದರು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಗಂಟಿಲ್ಲದೆ, ಕುಣಿಕೆಯಿಂದ ಕುಣಿಕೆಗೆ ಬೆಸೆದರು. ಇದಕ್ಕೇ ‘ಟೋಪ್ ತೆನಿ’ ಎಂದು ಹೆಸರು.

ಇದು ಉದ್ದದ ಮಾತಾಯಿತು. ಅಗಲದ ಮಾತೂ ಹೀಗೆಯೇ. ಅಂಚಿನ ಕೆಂಪು ಒಡಲಿನೊಳಗೆ ಹರಿಯಬಾರದು, ಒಡಲಿನ ಹಸುರು ಅಂಚನ್ನು ಮುಟ್ಟಬಾರದು. ಆದ್ದರಿಂದ ಎಡದಂಚಿಗೊಂದು, ಒಡಲಿಗೊಂದು, ಬಲದಂಚಿಗೊಂದು ಎಂದು ಮೂರು ಲಾಳಿಗಳು. ಅಂಚಿನ ಹೊಕ್ಕೂ ಒಡಲಿನ ಹೊಕ್ಕೂ ಗಡಿಯಲ್ಲಿ ಸಂಧಿಸಿ, ಒಂದಕ್ಕೊಂದು ತೊಡರಿ, ತಮ್ಮ ತಮ್ಮ ಸೀಮೆಗೆ ಹಿಂದಿರುಗುತ್ತವೆ. ಈ ತೊಡರಿಗೆ ‘ಕೊಂಡಿ’ ಎನ್ನುತ್ತಾರೆ. ನೆರೆಹೊರೆಯ ಇಬ್ಬರು ಬೇಲಿಯ ಬಳಿ ಕೈಕುಲುಕಿ ಮನೆಗೆ ಮರಳಿದಂತೆ.

ಹೀಗೆ ಮಾಡಿದ್ದರಿಂದ ಬಂದ ತೊಡಕೂ ಸಾಮಾನ್ಯವಾದುದಲ್ಲ. ಬೇರೆ ಊರುಗಳಲ್ಲಿ ಹಲವು ಸೀರೆಗಳಿಗಾಗುವಷ್ಟು ಉದ್ದನೆಯ ಹಾಸನ್ನು ಒಮ್ಮೆಲೇ ಮಗ್ಗಕ್ಕೇರಿಸಿ, ನೇಯುತ್ತ ಹೋಗಿ, ಆಮೇಲೆ ಕತ್ತರಿಸುತ್ತಾರೆ. ಇಳಕಲ್ಲಿನಲ್ಲಿ ಪ್ರತಿ ಸೀರೆಗೂ ಹೊಸ ಹಾಸು, ಪ್ರತಿ ಸೀರೆಗೂ ಹೊಸ ಜೋಡಣೆ. ಲೆಕ್ಕ ಹಾಕಿ ನೋಡಿ: ಅಂಗುಲಕ್ಕೆ ಅರುವತ್ತು ಎಳೆಯೆಂದು ಹಿಡಿದರೂ ನಲವತ್ತು ಅಂಗುಲದ ಒಡಲಿಗೆ ೨೪೦೦ ಎಳೆಗಳಾದವು. ಎರಡೆಳೆಗೊಂದು ಕುಣಿಕೆಯೆಂದರೆ ೧೨೦೦ ಸಲ ಬೆರಳು ಬಾಗಬೇಕು. ಲಾಳಿ ಒಮ್ಮೆಯೂ ಓಡುವ ಮುನ್ನ ಮುಗಿಯಬೇಕಾದ ಕೆಲಸವಿದು. ಕೈಮಗ್ಗದಲ್ಲಿ ಒಂದು ಸೀರೆ ಮುಗಿಯಲು ಸುಮಾರು ಒಂದು ವಾರ ಹಿಡಿಯುತ್ತದೆನ್ನುವುದರಲ್ಲಿ ಆಶ್ಚರ್ಯವೇನಿದೆ?

ಮೊದಲ ದಿನ ನನಗೆ ನೋಡುವ ಅಪ್ಪಣೆ ಮಾತ್ರ ದೊರೆಯಿತು. ಸೊಸೆಯಾದಾಕೆ ಗೋಡೆಗೊರಗಿ ಕುಳಿತು, ಬಿಗಿದ ಹಾಸಿನ ತುದಿಯನ್ನು ಮಡಿಲಿಗೆಳೆದುಕೊಂಡಳು. ಹತ್ತಿಯ ಎಳೆಗಳು ತುದಿಯಲ್ಲಿ ಮಡಿಚಿಕೊಂಡು ಒಂದೊಂದೂ ಪುಟ್ಟ ಉಂಗುರವಾಗಿ ನಿಂತಿದ್ದವು. ಕೆಂಪು ಎಳೆ ಆ ಉಂಗುರದೊಳಗೆ ನುಸುಳಿ, ತಾನೂ ಉಂಗುರವಾಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಎರಡು ಕೈಗಳ ಬೆರಳುಗಳನ್ನು ಕೊಕ್ಕೆಯಾಗಿಸಿ ಒಂದರಲ್ಲೊಂದು ಸಿಕ್ಕಿಸಿ ಎಳೆದು ನೋಡಿ. ನಾನು ಹೇಳುತ್ತಿರುವುದು ತಿಳಿಯುತ್ತದೆ. ಆಕೆಯ ಕಣ್ಣು ಹಾಸಿನ ಮೇಲಿರಲಿಲ್ಲ. ಒಲೆಯ ಮೇಲಿನ ಹಾಲಿನ ಕಡೆಗಿತ್ತು.

ಎರಡನೆಯ ದಿನ ವೃದ್ಧೆ ಎರಡು ಮೊಳೆಗಳಿಗೆ ಸುತಳಿ ಬಿಗಿದು ನನ್ನನ್ನು ಕೂರಿಸಿದರು. ಯಂತ್ರದಲ್ಲಿ ಕುಣಿಕೆಗಳೊಡನೆ ವರ್ಷಗಟ್ಟಲೆ ಒಡನಾಡಿದ್ದವಳಾದ್ದರಿಂದ ಕುಣಿಕೆ ಹಾಕುವ ಬಗೆ ಬೇಗ ತಿಳಿಯಿತು. ತಿಳಿಯಲು ತಡವಾದುದು ಬಿಗಿತ. ಯಂತ್ರದಲ್ಲಿ ಬಿಗಿತಕ್ಕೊಂದು ತಿರುಗಣೆಯಿದೆ, ತಿರುಗಣೆಯ ಮೇಲೆ ಅಂಕಿಗಳಿವೆ. ಅಂಕಿಯನ್ನು ನಿಲ್ಲಿಸಿದರೆ ಇನ್ನೂರು ಕುಣಿಕೆಗಳೂ ಒಂದೇ ಅಳತೆ. ಇಲ್ಲಿ ಅಳತೆಯೆಲ್ಲ ಹೆಬ್ಬೆರಳಿನ ಕೊನೆಯಲ್ಲಿ. ಹತ್ತಿ ತುಸು ಒರಟು, ಹಿಡಿದಲ್ಲಿ ನಿಲ್ಲುತ್ತದೆ. ರೇಷ್ಮೆ ನುಣುಪು, ಬಿಟ್ಟಲ್ಲಿಂದ ಜಾರುತ್ತದೆ. ಒರಟಿಗೂ ನುಣುಪಿಗೂ ಹೊಂದಿಕೆಯಾಗುವ ಒಂದು ಬಿಗಿತವನ್ನು ೧೨೦೦ ಸಲ ಏಕರೀತಿಯಲ್ಲಿ ಸಾಧಿಸಬೇಕು.

“ಎಳಿ ಜಗ್ಗಬ್ಯಾಡ್ರಿ ಅಕ್ಕಾರ, ಅದು ತಾನ ಬರತೈತಿ” ಎಂದು ವೃದ್ಧೆ ಮೆಲ್ಲನೆ ಹೇಳಿದರು. “ಬಿಗಿ ಆದ್ರ ಸೀರಿ ಅಲ್ಲೇ ಮುದುಡತೈತಿ. ಸಡ್ಲ ಬಿಟ್ರ ಸೆರಗು ಜೋತು ಬೀಳತೈತಿ. ಉಟ್ಟಾಕಿಗೆ ಗೊತ್ತಾಗೂದಿಲ್ಲ, ನೇದಾಕಿಗೆ ಗೊತ್ತಾಗತೈತಿ.”

ಮೂರನೆಯ ದಿನ ನಿಜವಾದ ನೂಲು. ಹಿಂದಿನ ಸೀರೆಯಲ್ಲಿ ಮಿಕ್ಕಿದ ಹಾಸಿನ ಒಂದು ಪಟ್ಟಿಯನ್ನು ನನ್ನ ಪಾಲಿಗೆ ಕೊಟ್ಟರು. ಬೆಳಗಿನ ಉಪಾಹಾರದಿಂದ ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಎರಡು ಬೆರಳಗಲದಷ್ಟು ಜೋಡಣೆ ಮುಗಿಯಿತು. ಮೊಮ್ಮಗಳು ಕಾಲೇಜಿನಿಂದ ಬಂದವಳು ಕೈತೊಳೆದು, ನನ್ನ ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಗೆಳತಿಯೊಡನೆ ಮಾತಾಡುತ್ತಲೇ ಅದರ ನಾಲ್ಕರಷ್ಟನ್ನು ಬೆಸೆದಿಟ್ಟು ಎದ್ದಳು. ಮನೆಯಲ್ಲಿ ಅವಳ ಕೈಯೇ ಎಲ್ಲರಿಗಿಂತ ಚುರುಕೆಂದು ತಾಯಿ ತುಸು ಹೆಮ್ಮೆಯಿಂದ, ತುಸು ಕಳವಳದಿಂದ ಹೇಳಿದಳು. ಆ ಕಳವಳದ ವಿಷಯಕ್ಕೆ ಮುಂದೆ ಬರುತ್ತೇನೆ.

ಅಂದು ಸಂಜೆ ನಾನು ಚೀಲದಿಂದ ನನ್ನ ಯಂತ್ರದ ಬಟ್ಟೆಯ ತುಣುಕನ್ನು ತೆಗೆದು ವೃದ್ಧೆಯ ಕೈಗಿತ್ತೆ. ಅವರು ಅದನ್ನು ದೀಪದ ಬಳಿಗೊಯ್ದು ಮುಂಬದಿಯನ್ನು ನೋಡಿದರು, ಹಿಂಬದಿಯನ್ನು ನೋಡಿದರು, ಅಗಲಕ್ಕೆ ಎಳೆದರು, ಉದ್ದಕ್ಕೆ ಎಳೆದರು. ಬಳಿಕ ಬಹಳ ಗಂಭೀರವಾಗಿ ಕೇಳಿದರು:

“ಚಂದ ಐತ್ರಿ. ಆದ್ರ ಇದರ ಹಾಸು ಎಲ್ಲೈತಿ?”

ಹಾಸು ಇಲ್ಲವೇ ಇಲ್ಲ, ಒಂದು ಸಾಲಿನ ಕುಣಿಕೆಯನ್ನು ಮುಂದಿನ ಸಾಲಿನ ಕುಣಿಕೆ ಹಿಡಿದುಕೊಂಡಿದೆ, ಅಡ್ಡ ನೂಲು ಅವುಗಳ ನಡುವೆ ಮಲಗಿದೆ ಎಂದು ವಿವರಿಸಿದೆ. ಕೊನೆಯ ಎಳೆಯನ್ನು ಹಿಡಿದೆಳೆದರೆ ಇಡೀ ಬಟ್ಟೆ ಬಿಚ್ಚಿಕೊಂಡು ನೂಲಿನ ಉಂಡೆಯಾಗುತ್ತದೆಂಬುದನ್ನು ಮಾಡಿಯೂ ತೋರಿಸಿದೆ. ಮನೆಮಂದಿಯೆಲ್ಲ ನಕ್ಕರು. ಆದರೆ ವೃದ್ಧೆಯ ಪ್ರಶ್ನೆಯಲ್ಲಿ ಇಡೀ ಭೇದ ಅಡಗಿತ್ತು. ಹೆಣಿಗೆಯಲ್ಲಿ ಕುಣಿಕೆಯೇ ಬಟ್ಟೆಯ ಒಡಲು. ಇಳಕಲ್ಲಿನಲ್ಲಿ ಇಡೀ ಸೀರೆಗೆ ಕುಣಿಕೆಯ ಸಾಲು ಒಂದೇ ಒಂದು. ಅತ್ತ ಒಡಲಿನ ಹೊಕ್ಕು, ಇತ್ತ ಸೆರಗಿನ ಹೊಕ್ಕು ಅದನ್ನು ಒತ್ತಿ ಹಿಡಿದಿರುತ್ತವೆ. ಎಳೆದರೂ ಬಿಚ್ಚಿಕೊಳ್ಳುವ ದಾರಿ ಅದಕ್ಕಿಲ್ಲ.

ಕೆಲಸದ ನಡುವಿನ ಬಿಡುವಿನಲ್ಲಿ ಊರು ಸುತ್ತಿದ್ದೂ ಉಂಟು. ಮಹಾಂತ ಶಿವಯೋಗಿಗಳ ಮಠ ಈ ಊರಿನ ಹೃದಯದಂತಿದೆ. ಇಲ್ಲಿನ ಹಿಂದಿನ ಸ್ವಾಮಿಗಳು ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಜೋಳಿಗೆ ಹಿಡಿದು ಓಣಿ ಓಣಿಗಳಲ್ಲಿ ಭಿಕ್ಷೆಗೆ ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ‘ಮಹಾಂತ ಜೋಳಿಗೆ’ ಎಂಬ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಕೂಲಿಯ ದುಡ್ಡು ಮನೆಗೆ ಬರುವ ಮುನ್ನವೇ ಹೆಂಡದಂಗಡಿಯಲ್ಲಿ ಕರಗಿದರೆ ಏನಾಗುತ್ತದೆಂಬುದನ್ನು ಬಲ್ಲ ಹೆಂಗಸರು ಆ ಜೋಳಿಗೆಯ ಮಾತನ್ನು ಇಂದಿಗೂ ಕೈಮುಗಿದು ಆಡುತ್ತಾರೆ.

ಇನ್ನು ಅಂಗಡಿಬೀದಿ! ಒಳಗೆ ಕಾಲಿಟ್ಟರೆ ದಾಳಿಂಬೆಯ ಕೆಂಪು, ನವಿಲಿನ ಹಸುರು, ಗಿಳಿಯ ಹಸುರು ಒಂದರ ಮೇಲೊಂದು ಮಗುಚಿ ಬೀಳುತ್ತವೆ. ಮದುವಣಗಿತ್ತಿಯ ಸೀರೆಗೆ ‘ಗಿರಿಕುಂಕುಮ’ವೆಂಬ ಬಣ್ಣವೇ ಬೇರೆ. ಅಂಚುಗಳಿಗೂ ಹೆಸರುಗಳುಂಟು: ಗೋಮಿ, ಪರಾಸಪೇಟ, ಗಾಡಿ, ಪರಾಸಿನಲ್ಲಿಯೇ ಚಿಕ್ಕಿ ಪರಾಸು, ಹೂ ಪರಾಸು. ಸೆರಗಿನಲ್ಲಿ ಮೂರು ಕೆಂಪು ಪಟ್ಟೆಗಳು, ಅವುಗಳ ನಡುವೆ ಎರಡು ಬಿಳಿಯ ಪಟ್ಟೆಗಳು. ತುದಿಯಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲುಗಳ ಆಕೃತಿ. ಈ ಸೀಮೆಯವರು ತಮ್ಮ ಹೊಲವನ್ನೂ ಕೋಟೆಯನ್ನೂ ಸೆರಗಿಗೆ ಸೇರಿಸಿ ಹೊದ್ದುಕೊಂಡಿದ್ದಾರೆ. ಆರು ಗಜದ ಸೀರೆಯ ಜೊತೆಗೆ ಎಂಟು ಒಂಬತ್ತು ಗಜದ್ದೂ ಸಿಗುತ್ತದೆ. ಕಚ್ಚೆ ಹಾಕಿ ಉಡುವ ಉತ್ತರ ಕರ್ನಾಟಕದ ಹಾಗೂ ಮಹಾರಾಷ್ಟ್ರದ ಹಿರಿಯ ಹೆಂಗಸರಿಗೆ ಅದಿಲ್ಲದೆ ನಡೆಯದು. ಇಂಥ ಸೀರೆಯ ಮೇಲೆ ಧಾರವಾಡದ ಕಡೆಯ ಹೆಣ್ಣುಮಕ್ಕಳು ತೇರು, ಗೋಪುರ, ಆನೆ, ಪಲ್ಲಕ್ಕಿಗಳ ಕಸೂತಿಯನ್ನು ತೆಗೆದರೆ ಮತ್ತೆ ಹೇಳಬೇಕಾದುದೇನೂ ಇಲ್ಲ. ಕಸೂತಿಯ ಹೊಲಿಗೆಗಳಲ್ಲಿ ಒಂದಕ್ಕೆ ‘ನೇಯ್ಗಿ’ ಎಂದೇ ಹೆಸರು. ಸೂಜಿಯೂ ಲಾಳಿಯಂತೆ ಓಡಬಯಸಿತೆಂಬುದಕ್ಕೆ ಅದೊಂದು ಸಾಕ್ಷಿ.

ಅಂಗಡಿಯವರ ಗಲ್ಲಾಪೆಟ್ಟಿಗೆಯಿಂದ ನೇಕಾರನ ಕುಣಿಯವರೆಗಿನ ದಾರಿ ಇಷ್ಟು ವರ್ಣಮಯವಾಗಿಲ್ಲ. ನಾನಿದ್ದ ಮನೆಗೆ ನೂಲು ಬರುವುದು ಸಾವಕಾರರಿಂದ. ಸೀರೆ ಹೋಗುವುದೂ ಅವರಲ್ಲಿಗೇ. ನಡುವೆ ಉಳಿಯುವುದು ಸೀರೆಗಿಷ್ಟೆಂಬ ಮಜೂರಿ. ಕಂಡಿಕೆ ಸುತ್ತುವುದು, ಹಾಸು ಮಾಡುವುದು, ಕುಣಿಕೆ ಬೆಸೆಯುವುದು ಎಲ್ಲವೂ ಆ ಒಂದೇ ಮಜೂರಿಯೊಳಗಿನ ಮಾತು. ಮಗ್ಗದ ಮೇಲೆ ಕುಳಿತವನನ್ನು ಲೋಕ ನೇಕಾರನೆನ್ನುತ್ತದೆ. ಆ ೧೨೦೦ ಕುಣಿಕೆಗಳನ್ನು ಹಾಕಿದವಳನ್ನು ಏನೆನ್ನಬೇಕೋ, ಅದಕ್ಕೆ ಆ ಮನೆಯಲ್ಲಿ ಯಾರ ಬಳಿಯೂ ಹೆಸರಿರಲಿಲ್ಲ. “ಅದು ಮನಿ ಕೆಲಸ ಅಲ್ಲೇನ್ರಿ?” ಎಂದು ಸೊಸೆಯೇ ನನ್ನನ್ನು ತಿರುಗಿ ಕೇಳಿದಳು. ಈ ಲೆಕ್ಕ ನನಗೆ ಸರಿಕಾಣಲಿಲ್ಲ; ಇಂದಿಗೂ ಸರಿಕಾಣುವುದಿಲ್ಲ.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಸಂಸತ್ತು ೧೯೮೫ರಲ್ಲಿ ಮಾಡಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಇಷ್ಟಾದರೂ ಇಳಕಲ್ಲಿನ ಹೆಸರು ಹೊತ್ತ ವಿದ್ಯುತ್ ಮಗ್ಗದ ಸೀರೆಗಳು ಪೇಟೆಯಲ್ಲಿ ಧಾರಾಳವಾಗಿವೆ. ಅವುಗಳ ಬೆಲೆ ಕಡಿಮೆ. ಬಡವರ ಮನೆಯ ಮದುವೆಗೂ ಒಂದು ಕೆಂಪು ಸೆರಗು ಬೇಕಲ್ಲವೆ? ಅವನ್ನು ಕೊಂಡವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಕೈಮಗ್ಗದ ಬೆಲೆ ತೆತ್ತು ಯಂತ್ರದ್ದನ್ನು ಮನೆಗೆ ತರಬಾರದು, ಅಷ್ಟೆ. ಆದ್ದರಿಂದ ಕೊಳ್ಳುವಾಗ ಒಡಲು ಸೆರಗು ಕೂಡುವ ಗೆರೆಯನ್ನು ಮಗುಚಿ, ಬೆಳಕಿಗೆ ಹಿಡಿದು ನೋಡಬೇಕು. ಒಡಲಿನ ಹಾಸೆಳೆ ಆ ಗೆರೆಯನ್ನು ದಾಟಿ ಸೆರಗಿನ ಕೆಂಪಿನಡಿಯಲ್ಲಿ ಮುಂದುವರಿದಿದ್ದರೆ ಅಲ್ಲಿ ಟೋಪ್ ತೆನಿ ಇಲ್ಲ. ಗೆರೆಯ ಬಳಿ ಎಳೆಯ ಬಣ್ಣವೇ ಬದಲಾಗಿ, ಉಗುರಿನ ತುದಿಗೆ ಸಣ್ಣ ಕುಣಿಕೆಗಳ ಸಾಲು ತಾಕಿದರೆ, ಅದರ ಹಿಂದೆ ಕೈಯೊಂದಿದೆ. ಅಂಚು ಒಡಲುಗಳ ಗಡಿಯಲ್ಲಿಯೂ ಹೀಗೆಯೇ: ಬಣ್ಣ ಬೆರೆತಿದ್ದರೆ ಕೊಂಡಿಯಿಲ್ಲ.

ಕೃಷ್ಣೆಯಾಚೆಯ ಮುದನೂರಿನಲ್ಲಿ ಮಗ್ಗದ ಮುಂದೆ ಕುಳಿತೇ ವಚನ ನುಡಿದ ಜೇಡರ ದಾಸಿಮಯ್ಯನ ಸೀಮೆ ಇದು. ಈ ಕಸುಬಿಗೆ ಇಲ್ಲಿ ಮರ್ಯಾದೆಯ ಕೊರತೆ ಎಂದೂ ಇರಲಿಲ್ಲ. ಸೊಸೆಯ ಕಳವಳ ಬೇರೆಯದು. ಮಗಳು ಪಿ.ಯು. ಎರಡನೆಯ ವರ್ಷದಲ್ಲಿದ್ದಾಳೆ, ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ಅವಳು ಓದಬೇಕೆಂಬುದು ತಾಯಿಯ ಆಸೆಯೂ ಹೌದು. ಆದರೆ ತಾಯಿಯ ಕಣ್ಣು ಈಚೆಗೆ ಸಣ್ಣ ಎಳೆಗೆ ಹಿಡಿಯುತ್ತಿಲ್ಲ. ಅಜ್ಜಿಯ ಬೆರಳು ನಡುಗುತ್ತದೆ. ಮಗಳು ಹೊರಟ ದಿನ ಈ ಮನೆಯಲ್ಲಿ ಸೀರೆಯ ಸಂಖ್ಯೆ ಅರ್ಧಕ್ಕಿಳಿಯುತ್ತದೆ. “ಹೋಗಲಿ ಬಿಡ್ರಿ, ನಾವು ಹ್ಯಾಂಗರ ಮಾಡತೀವಿ” ಎಂದು ತಂದೆ ಮಗ್ಗದ ಕುಣಿಯಿಂದಲೇ ಹೇಳಿದ. ಲಾಳಿಯನ್ನು ಮಾತ್ರ ನಿಲ್ಲಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆ ವಾರದ ಸೀರೆ ಮಗ್ಗದಿಂದ ಇಳಿಯಿತು: ನವಿಲುಹಸುರಿನ ಒಡಲು, ಚಿಕ್ಕಿ ಪರಾಸಿನ ಅಂಚು. ಸಾವಕಾರರ ಅಂಗಡಿಗೆ ಹೋಗುವ ಮುನ್ನ ವೃದ್ಧೆ ಅದನ್ನು ಚಾಪೆಯ ಮೇಲೆ ಹಾಸಿ, ಕೂಡುಗೆರೆಯುದ್ದಕ್ಕೂ ಹೆಬ್ಬೆರಳನ್ನು ಒಮ್ಮೆ ಆಡಿಸಿ ಮಡಿಸಿದರು. ಮಗ ಅದಾಗಲೇ ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಒಂದೊಂದೆಳೆಯಾಗಿ ಹುರಿಗೊಳಿಸತೊಡಗಿದ್ದ. ಮೊಮ್ಮಗಳು ಮೂಲೆಯಲ್ಲಿ ಜೀವಶಾಸ್ತ್ರದ ಪುಸ್ತಕವನ್ನು ಗೋಡೆಗೆ ಒರಗಿಸಿಟ್ಟುಕೊಂಡು ಅದರ ಮುಂದಿನ ಸೀರೆಯ ಸೆರಗಿಗೆ ಕುಣಿಕೆ ಹಾಕುತ್ತಿದ್ದಳು. ಪರೀಕ್ಷೆ ಸೋಮವಾರ, ಅಷ್ಟರೊಳಗೆ ಎರಡು ಹಾಸುಗಳ ಜೋಡಣೆ ಮುಗಿಯಬೇಕಾಗಿತ್ತು. ನಾನು ಪುಟ ತಿರುವಿಕೊಡಲು ಕುಳಿತೆ. ಬಸ್ಸಿಗೆ ಇನ್ನೂ ಎರಡು ತಾಸಿತ್ತು.